ಬೇಲಾಪುರದ ಕರಿಗಲ್ಲೂ ಸ್ಫಟಿಕಸಂಗ್ರಹದ ಚರಿತ್ರೆಯೂ

ರತ್ನಗಳನ್ನು ಪರೀಕ್ಷಿಸಿ ಸಂಗ್ರಹಿಸುವ ವಿದ್ಯೆ ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಯ ನಿರೂಪಣೆಯಿದೆ. ನಮ್ಮ ರತ್ನಶಾಸ್ತ್ರಕಾರರು ವರ್ಣ, ದೋಷ, ಮೌಲ್ಯಗಳೊಡನೆ ‘ಆಕರ’ವನ್ನೂ, ಎಂದರೆ ರತ್ನವು ಹುಟ್ಟಿದ ನೆಲೆಯನ್ನೂ ವಿಚಾರಿಸುತ್ತಿದ್ದರು. ಆ ವಿಚಾರಣೆಯನ್ನು ಕೈಬಿಟ್ಟರೆ ಆಗುವ ನಷ್ಟವೇನೆಂಬುದಕ್ಕೆ ಬೇಲಾಪುರದ ಪರಿಸರವೇ ನಿದರ್ಶನ.

ಬೇಲಾಪುರದ ಬೆನ್ನಿಗಿರುವ ಪಾರಸಿಕ ಗುಡ್ಡದ ಕರಿಗಲ್ಲೂ ಗೋಲಗುಂಬಜವನ್ನು ಕಟ್ಟಿದ ವಿಜಯಪುರದ ಕರಿಗಲ್ಲೂ ಒಂದೇ ಕುಲದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಪದರಪದರವಾಗಿ ಹರಿದ ಲಾವಾರಸವು ಆರಿ ಗಟ್ಟಿಯಾದಾಗ, ಅದರೊಳಗಿನ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಖನಿಜಗಳನ್ನು ಕರಗಿಸಿಕೊಂಡ ನೀರು ಬಹುಕಾಲ ಅವುಗಳಲ್ಲಿ ಜಿನುಗಿ, ಸ್ಟಿಲ್ಬೈಟ್, ಹ್ಯೂಲಂಡೈಟ್ ಮೊದಲಾದ ಜಿಯೋಲೈಟುಗಳೂ ಅಪೋಫಿಲೈಟ್, ಓಕೆನೈಟುಗಳೂ ಹರಳುಗಟ್ಟಿದವು. ಕಾಯಿಸಿದಾಗ ಕುದಿಯುವಂತೆ ತೋರುವುದರಿಂದ ‘ಕುದಿಯುವ ಕಲ್ಲು’ ಎಂಬರ್ಥದ ಜಿಯೋಲೈಟ್ ಎಂಬ ಹೆಸರನ್ನು ಸ್ವೀಡನ್ನಿನ ಕ್ರೋನ್‌ಸ್ಟೆಟ್ಟನು 1756ರಲ್ಲಿ ಇಟ್ಟನು.

ಇವು ಮೆದುವಾದ ಹರಳುಗಳು, ಆಭರಣಕ್ಕೆ ಒದಗುವಂಥವಲ್ಲ. ಓಕೆನೈಟಿನ ಬಿಳಿಯ ಎಳೆಗಳಂತೂ ಹತ್ತಿಯ ಉಂಡೆಯಂತಿದ್ದು ಬೆರಳು ತಾಗಿದರೆ ನಲುಗುತ್ತವೆ. ಬಂಡೆಯನ್ನು ಒಡೆದಲ್ಲದೆ ಇವು ದೊರೆಯುವುದೂ ವಿರಳ. ಆದುದರಿಂದ ಈ ಪ್ರದೇಶದ ಸ್ಫಟಿಕಸಂಗ್ರಹದ ಚರಿತ್ರೆಯು ನಿರ್ಮಾಣದ ಚರಿತ್ರೆಯೊಡನೆಯೇ ಸಾಗಿದೆ. 1863ರಲ್ಲಿ ಪೂರ್ಣಗೊಂಡ ಭೋರ್ ಘಾಟಿನ ರೈಲುಮಾರ್ಗಕ್ಕಾಗಿ ಸುರಂಗಗಳನ್ನು ಕೊರೆದಾಗ ದೊರೆತ ಅಪೋಫಿಲೈಟುಗಳು ವಿದೇಶದ ವಸ್ತುಸಂಗ್ರಹಾಲಯಗಳನ್ನು ಸೇರಿ ಪ್ರಸಿದ್ಧವಾದವು. ಹರಳಿನ ಕೀರ್ತಿ ಉಳಿಯಿತು. ಅದನ್ನು ಮೊದಲು ಕಂಡ ಕೂಲಿಗಾರನ ಹೆಸರು ಉಳಿಯಲಿಲ್ಲ.

1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಮುಂಬಯಿಯ ನಿರ್ಮಾಣ ಮೊದಲಾದ ಮೇಲೆ ಪಾರಸಿಕ ಗುಡ್ಡದ ಮಗ್ಗುಲಿನ ಕಲ್ಲು ಜಲ್ಲಿಯಾಗಿ ರಸ್ತೆಗೂ ಕಟ್ಟಡಕ್ಕೂ ಸಂದಿತು. ಜಲ್ಲಿಯಂತ್ರಕ್ಕೆ ಬಂಡೆಯೂ ಒಂದೇ, ಸ್ಫಟಿಕವೂ ಒಂದೇ. ಪೊಳ್ಳು ತೆರೆದ ಕ್ಷಣದಲ್ಲಿ ಕೈ ತಡೆದು ಎತ್ತಿಟ್ಟ ಹರಳು ಮಾತ್ರ ಉಳಿಯಬಲ್ಲುದು.

ಉಳಿದ ಹರಳಿಗೂ ಮತ್ತೊಂದು ಅಪಾಯವುಂಟು. ವ್ಯಾಪಾರದಲ್ಲಿ ಬೇರೆಬೇರೆ ಗಣಿಗಳ ಮಾದರಿಗಳಿಗೆ ‘ಪುಣೆ’ ಎಂಬ ಒಂದೇ ಚೀಟಿ ಅಂಟಿದುದುಂಟು. ನೆಲೆ ತಿಳಿಯದ ಹರಳು ಕಣ್ಣಿಗೆ ಚೆಲುವಾಗಿರಬಹುದು. ಯಾವ ಪದರದಲ್ಲಿ, ಯಾವ ಖನಿಜಗಳ ಸಂಗಡ ಬೆಳೆಯಿತೆಂಬುದನ್ನು ಅದು ಹೇಳಲಾರದು. ಇದಕ್ಕೆ ವಿರುದ್ಧವಾಗಿ, ಪುಣೆಯ ಸಮೀಪದ ವಾಘೋಲಿಯ ನೀಲಿ ಕ್ಯಾವನ್ಸೈಟ್ ತನ್ನ ಊರಿನ ಹೆಸರಿನೊಡನೆಯೇ ಜಗತ್ತಿನ ಸಂಗ್ರಾಹಕರಲ್ಲಿ ಖ್ಯಾತವಾಗಿದೆ. 2001ರಲ್ಲಿ ನಾಸಿಕದ ಹತ್ತಿರದ ಸಿನ್ನರಿನಲ್ಲಿ ಸ್ಥಾಪಿತವಾದ ‘ಗಾರಗೋಟಿ’ ಸಂಗ್ರಹಾಲಯವು ಇಂತಹ ಹರಳುಗಳಿಗೆ ಸ್ವದೇಶದಲ್ಲಿಯೇ ನೆಲೆ ಕಲ್ಪಿಸಿತು.

ಒಡೆದ ಗುಡ್ಡವನ್ನು ಮರಳಿ ಕಟ್ಟಲಾಗದು. ಆದರೆ ಮನೆಯ ಕಪಾಟಿನಲ್ಲಿ ಉಳಿದಿರುವ ಹರಳಿಗೆ ಗಣಿಯ ಹೆಸರು, ದೊರೆತ ವರ್ಷ, ಎತ್ತಿಕೊಟ್ಟವನ ಹೆಸರು ಇಷ್ಟನ್ನು ಬರೆದಿಡುವುದು ಇನ್ನೂ ಸಾಧ್ಯ. ನೆನಪುಳ್ಳವರು ಇರುವಾಗಲೇ ಆ ಕಾರ್ಯ ನಡೆಯಬೇಕು. ಆಕರವನ್ನು ಕೇಳಿದ ಪ್ರಾಚೀನರ ಪ್ರಶ್ನೆಗೆ ಬೇಲಾಪುರವು ಕೊಡಬಹುದಾದ ಉತ್ತರ ಅದೇ.