ದಂಡಿನ ಎಣ್ಣೆಗಾಯಿಯ ಪೂರ್ವೋತ್ತರ

ಅರಸರ ಕಾಳಗಗಳನ್ನೂ ಒಡಂಬಡಿಕೆಗಳನ್ನೂ ತಿಳಿಸುವುದಕ್ಕೆ ಶಾಸನಗಳುಂಟು, ಬಖೈರುಗಳುಂಟು. ಗೃಹಿಣಿಯು ಒಲೆಯ ಮುಂದೆ ನಡೆಯಿಸಿದ ಕಾರ್ಯಕ್ಕೆ ಅಂತಹ ಸಾಕ್ಷ್ಯವು ವಿರಳ. ಆದರೂ ಪದಾರ್ಥದ ಹೆಸರು, ಅದಕ್ಕೆ ಬೀಳುವ ಸಂಭಾರ, ಆ ಸಂಭಾರವನ್ನು ವರ್ಜಿಸುವ ದಿನ, ಇವು ಮೂರನ್ನೂ ವಿಚಾರಿಸಿದರೆ ಅಡಿಗೆಮನೆಯ ಚರಿತ್ರೆಯೂ ಒಂದಿಷ್ಟು ಗೋಚರವಾಗುತ್ತದೆ. ಬೆಂಗಳೂರು ದಂಡಿನ ಕಡೆಯ ಮನೆಗಳಲ್ಲಿ ಬಳಕೆಯಲ್ಲಿರುವ ಬದನೆಕಾಯಿಯ ಎಣ್ಣೆಗಾಯಿಯು ಇದಕ್ಕೆ ತಕ್ಕ ನಿದರ್ಶನವು.

ಮೊದಲು ಹೆಸರನ್ನು ನೋಡುವ. ಎಣ್ಣೆ ಎಂಬುದರ ಮುಂದೆ ಕಾಯಿ ಎಂಬುದು ಬರಲು ಆದೇಶಸಂಧಿಯಿಂದ ಎಣ್ಣೆಗಾಯಿ ಎಂದಾಯಿತು. ಎಣ್ಣೆ ಎಂಬುದಾದರೋ ಎಳ್ಳಿನ ನೆಯ್ ಎಂಬುದರಿಂದ ಹುಟ್ಟಿದ ಮಾತು. ಇಂದು ಬಾಣಲೆಗೆ ಯಾವ ಬೀಜದ ಎಣ್ಣೆಯನ್ನು ಸುರಿದರೂ ಹೆಸರು ಮಾತ್ರ ಎಳ್ಳನ್ನು ಮರೆತಿಲ್ಲ. ಬದನೆಯು ಈ ದೇಶದಲ್ಲಿ ಪುರಾತನವಾದುದು. ಸಂಸ್ಕೃತದಲ್ಲಿ ಅದಕ್ಕೆ ವಾರ್ತಾಕ, ವೃಂತಾಕ ಮೊದಲಾದ ನಾಮಗಳಿವೆ.

ಕನ್ನಡದಲ್ಲಿ ಪಾಕಶಾಸ್ತ್ರವು ಹೊಸತಲ್ಲ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ೧೬ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಆತನು ಜೈನನಾದುದರಿಂದ ಅದರಲ್ಲಿ ಮಾಂಸದ ಪ್ರಸ್ತಾಪವಿಲ್ಲ. ಬದನೆಕಾಯಿಗಾದರೆ ಶಾಕಪಾಕಗಳಲ್ಲಿ ದೊಡ್ಡ ಸ್ಥಾನವು ದೊರೆತಿದೆ. ಮಾಂಸವಿಲ್ಲದ ಊಟವೆಂದರೆ ಬಡ ಊಟವೆಂದು ಹಳೆಯ ಕನ್ನಡಿಗರು ಭಾವಿಸಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಆದರೆ ಇಂದಿನ ಎಣ್ಣೆಗಾಯಿಯು ಹಾಗೆಯೇ ಚಾವುಂಡರಾಯನ ಕಾಲದಿಂದ ಇಳಿದುಬಂದುದೆಂದು ಹೇಳಲಾಗದು. ಅದರ ಹೂರಣಕ್ಕೆ ಕೆಂಪು ಬಣ್ಣವನ್ನೂ ಖಾರವನ್ನೂ ಕೊಡುವ ಮೆಣಸಿನಕಾಯಿಯು ಅಮೆರಿಕಾ ಖಂಡದ ಬೆಳೆ. ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲೀಕೋಟೆಗೆ ಬಂದಮೇಲೆ ಪೋರ್ತುಗೀಸರ ಹಡಗುಗಳಿಂದ ಈ ತೀರವನ್ನು ಮುಟ್ಟಿತು. ಅದಕ್ಕೆ ಮೊದಲು ಖಾರವೆಂದರೆ ಕರಿಮೆಣಸು ಮತ್ತು ಶುಂಠಿ. ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟು ಮೆಣಸಿನಕಾಯಿ ಎಂದು ನಮ್ಮ ಜನರು ಕರೆದರು. ಕಡಲೆಕಾಯಿಯೂ ಅದೇ ಖಂಡದಿಂದ ಬಂದುದು. ಇದಕ್ಕೆ ಜೀವಂತ ಸಾಕ್ಷಿಯು ಶ್ರಾದ್ಧದ ಅಡಿಗೆ. ಅನೇಕ ವೈದಿಕರ ಮನೆಗಳಲ್ಲಿ ಆ ದಿನ ಮೆಣಸಿನಕಾಯಿಯನ್ನೂ ಆಲೂಗೆಡ್ಡೆ, ಕೋಸು ಮೊದಲಾದ ಸೀಮೆಯ ತರಕಾರಿಗಳನ್ನೂ ವರ್ಜಿಸಿ ಕರಿಮೆಣಸಿನಿಂದಲೇ ಪಾಕವನ್ನು ಮಾಡುತ್ತಾರೆ. ಪಿತೃಗಳು ಉಂಡ ಊಟವನ್ನೇ ಪಿತೃಗಳಿಗೆ ಬಡಿಸುವರೆಂದರೆ ತಪ್ಪಾಗದು.

ಇನ್ನು ದಂಡಿನ ವಿಚಾರ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಅಲ್ಲಿದ್ದ ಇಂಗ್ಲಿಷರ ಸೈನ್ಯವು ೧೮೦೯ರಲ್ಲಿ ಹಲಸೂರಿನ ಬಳಿಯ ಬಯಲಿಗೆ ಬಂದು ನೆಲೆಸಿತು. ಸೋಮೇಶ್ವರ ದೇವಾಲಯವುಳ್ಳ ಹಲಸೂರು ಅದಕ್ಕಿಂತ ಬಹು ಹಿಂದಿನ ಊರು. ಸೈನ್ಯದ ಬೆನ್ನ ಹಿಂದೆ ತಮಿಳು, ತೆಲುಗು, ಮರಾಠಿ, ದಖ್ಖನಿ ಭಾಷೆಗಳನ್ನಾಡುವ ಜನರು ವರ್ತಕರಾಗಿ, ಗುಮಾಸ್ತರಾಗಿ, ಕೂಲಿಗಳಾಗಿ ಬಂದರು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಹಿಂದಿರುಗಿದರೂ ದಂಡು ಇಂಗ್ಲಿಷರ ವಶದಲ್ಲಿಯೇ ಉಳಿಯಿತು. ೧೯೪೭ರಲ್ಲಿ ಮರಳಿ ಬಂದು, ೧೯೪೯ರಲ್ಲಿ ಪೇಟೆಯೊಡನೆ ಒಂದೇ ನಗರಸಭೆಗೆ ಸೇರಿತು. ಹೀಗೆ ಅರುವತ್ತಾರು ವರ್ಷ ಒಂದೇ ಊರಿನಲ್ಲಿ ಎರಡು ಆಡಳಿತಗಳಿದ್ದವು.

ಆದರೆ ಒಲೆಗೆ ಆ ಗಡಿಯು ತಿಳಿಯದು. ಕನ್ನಡಿಗರ ಎಣ್ಣೆಗಾಯಿಯೇ ತೆಲುಗರಲ್ಲಿ ಗುತ್ತಿ ವಂಕಾಯ, ತಮಿಳರಲ್ಲಿ ಎಣ್ಣೈ ಕತ್ತರಿಕ್ಕಾಯ್, ಮರಾಠಿಗರಲ್ಲಿ ಭರಲೀ ವಾಂಗೀ, ದಖ್ಖನಿ ಮುಸಲ್ಮಾನರಲ್ಲಿ ಬಘಾರೆ ಬೈಂಗನ್. ಹುಣಿಸೆಯ ಪ್ರಮಾಣದಲ್ಲಿ ಭೇದವುಂಟು, ಎಳ್ಳು ಕೊಬ್ಬರಿಗಳಲ್ಲಿ ಭೇದವುಂಟು. ತೊಟ್ಟನ್ನು ಉಳಿಸಿಕೊಂಡು ಕಾಯನ್ನು ಸೀಳುವ ಕ್ರಮವೊಂದೇ. ಮಾಂಸವನ್ನು ತಿನ್ನುವ ಮನೆಗೂ ತಿನ್ನದ ಮನೆಗೂ ಇದು ಸಮಾನವಾದ ಭಕ್ಷ್ಯವು.

ಈ ಎಲ್ಲ ಮನೆಗಳವರೂ ತರಕಾರಿಯನ್ನು ಕೊಳ್ಳುತ್ತ ಬಂದ ಸ್ಥಳಗಳಲ್ಲಿ, ಇಂದು ಶಿವಾಜಿನಗರವೆನ್ನಿಸಿಕೊಳ್ಳುವ ಭಾಗದಲ್ಲಿ ೧೯೨೭ರಲ್ಲಿ ಕಟ್ಟಿ ೧೯೩೩ರಲ್ಲಿ ತೆರೆದ ರಸೆಲ್ ಮಾರುಕಟ್ಟೆಯು ಮುಖ್ಯವಾದುದು. ದಂಡಿನ ದೊರೆಗಳಿಗಾಗಿ ಬೆಳೆಯುತ್ತಿದ್ದ ಸೀಮೆಯ ತರಕಾರಿಗಳು ಕ್ರಮೇಣ ಎಲ್ಲರ ಬುಟ್ಟಿಗೂ ಬಿದ್ದವು. ದೊಣ್ಣೆಮೆಣಸಿನಕಾಯಿಯ ಹೊಟ್ಟೆಗೂ ಹಳೆಯ ಹೂರಣವೇ ಸೇರಿತು. ಮೆಕ್ಸಿಕೋ ದೇಶದ ಬಳ್ಳಿಯೊಂದರ ಕಾಯಿಗೆ ಇಲ್ಲಿಯವರು ಸೀಮೆಬದನೆಯೆಂದರು. ತಮಿಳರು ಅದನ್ನೇ ಬೆಂಗಳೂರು ಕತ್ತರಿಕ್ಕಾಯ್ ಎಂದರು. ಇಲ್ಲಿ ಸೀಮೆಯದೆನಿಸಿದ ಕಾಯಿಯೇ ಅಲ್ಲಿ ಬೆಂಗಳೂರಿನದಾಯಿತು!

ವಿಧಾನವು ಪ್ರಸಿದ್ಧವಾದರೂ ಅದರ ಕಾರಣಗಳನ್ನು ಹೇಳುವುದು ಯುಕ್ತ. ಎಳೆಯ, ಚಿಕ್ಕ ಬದನೆಗಳನ್ನು ಬುಡದಿಂದ ನಾಲ್ಕಾಗಿ ಸೀಳಿ ತೊಟ್ಟಿನವರೆಗೆ ಹೋಗದಂತೆ ನಿಲ್ಲಿಸಬೇಕು. ತೊಟ್ಟು ಬಿಟ್ಟರೆ ಕಾಯಿ ಚೆದರುತ್ತದೆ. ಸೀಳಿದ ಕೂಡಲೇ ಉಪ್ಪುನೀರಿನಲ್ಲಿ ಹಾಕಬೇಕು. ಗಾಳಿ ತಗಲಿದರೆ ತಿರುಳು ಕಪ್ಪಾಗುತ್ತದೆ. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಮೆಣಸಿನಕಾಯಿ, ಎಳ್ಳುಗಳನ್ನು ಬೇರೆ ಬೇರೆಯಾಗಿ ಹುರಿದು, ಕೊಬ್ಬರಿ, ಹುಣಿಸೆ, ಬೆಲ್ಲ, ಉಪ್ಪುಗಳೊಡನೆ ಗಟ್ಟಿಯಾಗಿ ಅರೆದು ತುಂಬಬೇಕು. ಬಳಿಕ ಎಣ್ಣೆಯಲ್ಲಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಕಾಯಿ ತನ್ನ ನೀರಿನಲ್ಲಿಯೇ ಬೆಂದು ಹೂರಣದ ರಸವನ್ನು ಕುಡಿಯುತ್ತದೆ. ಬೇಳೆಯೂ ಎಳ್ಳೂ ಕೂಡಿದ ಕಾರಣ ನಾಲ್ಕು ಕಾಯಿಗಳೇ ಒಂದು ಊಟಕ್ಕೆ ಬಲವಾಗುತ್ತವೆ.

ಇದು ನಮ್ಮದು, ಅದು ಅವರದು ಎಂಬ ವಾದವು ಭಾಷೆಗಳ ವಿಷಯದಲ್ಲಿ ದಂಡಿನ ಬೀದಿಗಳಲ್ಲಿ ಹಲವು ಬಾರಿ ಕೇಳಿಬಂದಿದೆ. ಅಂತಹ ವಾದವನ್ನು ಹೂಡುವವರು ಮಧ್ಯಾಹ್ನದ ತಮ್ಮ ಎಲೆಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಾಯಿ ಈ ನೆಲದ್ದು, ಖಾರ ಕಡಲಾಚೆಯದು, ಹೆಸರು ಐದು ನುಡಿಗಳದು. ಇವೆಲ್ಲವನ್ನೂ ಕೂಡಿಸಿ ಒಂದು ರುಚಿಯನ್ನಾಗಿ ಮಾಡಿದ ಕೈ ಮಾತ್ರ, ಯಾವ ಗ್ರಂಥದಲ್ಲಿಯೂ ಹೆಸರು ಬರೆಯಿಸಿಕೊಳ್ಳದ ಮನೆಯ ತಾಯಿಯದು.