ಆರಕ್ಷಕಾಧಿಕಾರದ ಪ್ರಜಾಮಾನ್ಯತೆ: ಲಕ್ಷಣವೂ ಪ್ರಮಾಣವೂ

ಪ್ರಜೆಗಳು ಪೋಲೀಸರ ಆಜ್ಞೆಯನ್ನು ಪಾಲಿಸುತ್ತಾರೆಂಬುದರಿಂದಲೇ ಆ ಅಧಿಕಾರವು ಅವರಿಗೆ ಮಾನ್ಯವಾಗಿರುವುದೆಂದು ನಿರ್ಣಯಿಸಬಹುದೆ? ಪಾಲನೆಯನ್ನೇ ಮಾನ್ಯತೆಯ ಲಕ್ಷಣವೆಂದು ಹೇಳಿದರೆ ಅತಿವ್ಯಾಪ್ತಿದೋಷವು ಒದಗುವುದು. ಧರ್ಮವೆಂದು ನಂಬಿ ನಡೆಯುವವನಂತೆ ಲಾಠಿಗೆ ಅಂಜಿ ತಲೆಬಾಗುವವನೂ ಆ ಲಕ್ಷಣದೊಳಗೆ ಸೇರಿಬಿಡುವನು. ಈ ಭೇದವು ಪ್ರಾಚೀನರಿಗೆ ಅವಿದಿತವಾಗಿರಲಿಲ್ಲ. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳ ಪರಿಶ್ರಮದಿಂದ ಬೆಳಕಿಗೆ ಬಂದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ತೀಕ್ಷ್ಣದಂಡನು ಜನರಿಗೆ ಉದ್ವೇಗಕರನೆಂದೂ, ಮೃದುದಂಡನು ತಿರಸ್ಕಾರಕ್ಕೆ ಪಾತ್ರನೆಂದೂ, ಯಥಾರ್ಹದಂಡನೇ ಪೂಜ್ಯನೆಂದೂ ವಿಭಾಗಿಸಿರುವನು. ಭಯ, ಅವಜ್ಞೆ, ಗೌರವ ಇವು ಮೂರೂ ಬೇರೆಬೇರೆ ಎಂಬುದು ಇದರಿಂದ ಸ್ಪಷ್ಟವು.

ಇದನ್ನು ಅಳೆಯುವ ಯತ್ನವು ಈಚಿನದು. ಅಮೇರಿಕೆಯ ಟಾಮ್ ಟೈಲರರು 1984ರಲ್ಲಿ ಶಿಕಾಗೋ ನಗರದ 1575 ಮಂದಿಯನ್ನು ಪ್ರಶ್ನಿಸಿ, ತರುವಾಯ ಅವರಲ್ಲಿ 804 ಮಂದಿಯನ್ನು ಪುನಃ ವಿಚಾರಿಸಿ, 1990ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಆಜ್ಞೆಯನ್ನು ಪಾಲಿಸತಕ್ಕದ್ದೆಂಬ ಕರ್ತವ್ಯಬುದ್ಧಿ, ಅಧಿಕಾರಿಗಳಲ್ಲಿರುವ ಆದರವಿಶ್ವಾಸ ಇವೆರಡೂ ಅವರ ಮಾನಗಳು. ತನಗೆ ಲಾಭವಾಯಿತೋ ಇಲ್ಲವೋ ಎಂಬುದಕ್ಕಿಂತ, ತನ್ನ ಮಾತನ್ನು ಕೇಳಿ ಪಕ್ಷಪಾತವಿಲ್ಲದೆ ನಡೆಸಿಕೊಂಡರೋ ಇಲ್ಲವೋ ಎಂಬುದೇ ಜನರ ಮನಸ್ಸಿನಲ್ಲಿ ಹೆಚ್ಚು ತೂಗುವುದೆಂದು ಅವರು ಸಾಧಿಸಿದರು. ಆದರೆ ಕರ್ತವ್ಯಬುದ್ಧಿಯೆಂದು ತೋರುವ ಉತ್ತರವು ಗತ್ಯಂತರವಿಲ್ಲದವನ ಉತ್ತರವೂ ಆಗಿರಬಹುದೆಂಬ ಆಕ್ಷೇಪವು ಉಳಿದೇ ಇತ್ತು. 2012ರಲ್ಲಿ ಬಾಟಮ್ಸ್ ಮತ್ತು ಟಾಂಕೆಬೆ ಎಂಬ ವಿದ್ವಾಂಸರು ಮಾನ್ಯತೆಯೆಂಬುದು ಅಧಿಕಾರಸ್ಥರ ಪ್ರತಿಪಾದನೆಗೂ ಪ್ರಜೆಗಳ ಪ್ರತ್ಯುತ್ತರಕ್ಕೂ ನಡುವೆ ಸದಾ ನಡೆಯುವ ಸಂವಾದವೆಂದು ನಿರೂಪಿಸಿದರು.

ಈ ಲಕ್ಷಣವನ್ನು ಧಾರವಾಡದ ಇತಿಹಾಸದಲ್ಲಿಯೇ ಪರೀಕ್ಷಿಸಬಹುದು. 1921ನೆಯ ಜುಲೈ 1ರಂದು, ಹೆಂಡದಂಗಡಿಯ ಮುಂದೆ ಪಿಕೆಟಿಂಗು ನಡೆದ ಸಂದರ್ಭದಲ್ಲಿ, ಪೋಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಸ್ವಯಂಸೇವಕರು ಅಸುನೀಗಿದರು. ಸರಕಾರವು ಚಳವಳಿಯವರ ಮೇಲೆಯೇ ಖಟ್ಲೆ ಹೂಡಿತು. ಕಾಂಗ್ರೆಸ್ಸು ಪ್ರತ್ಯೇಕವಾಗಿ ವಿಚಾರಣಾಸಮಿತಿಯನ್ನು ನೇಮಿಸಿತು. ಪ್ರಶ್ನಾವಳಿಗಳಿಲ್ಲದ ಕಾಲವದು. ಆದರೂ ಸರಕಾರದ ಸಮಾಧಾನವನ್ನು ಅಂಗೀಕರಿಸದೆ ಬೇರೊಂದು ವಿಚಾರಣೆಯನ್ನು ನಡೆಸಿದುದೇ ಪ್ರಬಲವಾದ ಪ್ರಮಾಣವು: ಅಲ್ಲಿ ಪ್ರತಿಪಾದನೆಯಿತ್ತು, ಅನುಮೋದನೆಯಿರಲಿಲ್ಲ. ಈ ಪ್ರಮಾಣಕ್ಕೂ ಮಿತಿಯುಂಟು. ಕಾಂಗ್ರೆಸ್ಸು ತಾನೂ ಒಂದು ಪಕ್ಷವಾದುದರಿಂದ ಅದರ ನಡೆಯು ಊರಿನ ಸಮಸ್ತರ ಅಭಿಪ್ರಾಯವಾಗಲಾರದು. ಮಾತನಾಡದೆ ಉಳಿದವರ ಮನಸ್ಸು ಅದರಿಂದ ತಿಳಿಯದು.

ಆ ಮೌನವೇ ಇಂದಿಗೂ ಈ ಶಾಸ್ತ್ರದ ಕಠಿಣಸ್ಥಲವು. ಬೀದಿಯಲ್ಲಿ ಗಲಭೆಯಿಲ್ಲ, ಠಾಣೆಯಲ್ಲಿ ದೂರಿಲ್ಲ ಎಂದಮಾತ್ರಕ್ಕೆ ಅಧಿಕಾರವು ಮಾನ್ಯವಾಯಿತೆಂದು ಬಗೆಯುವುದು ಯುಕ್ತವಲ್ಲ. ದೂರನ್ನು ಕೇಳುವವರಿಲ್ಲವೆಂಬ ನಿರಾಶೆಯೂ ಮೌನವಾಗಿಯೇ ಇರುವುದು. ನಿರ್ಭಯನಾಗಿ ಅಲ್ಲವೆನ್ನಬಲ್ಲವನು ಹೌದೆಂದಾಗಲೇ ಆ ಮಾತಿಗೆ ಪ್ರಾಮಾಣ್ಯವು.