ತಲಕಾಡು ಮೂರರಲ್ಲಿ ಶತ್ರು: ಚಿತ್ರವೇ ಇಲ್ಲದ ಒಂದು ಗೇಮ್‌ನ ಕಥೆ

ಬಸ್ಸಲ್ಲೋ, ಮೆಟ್ರೋದಲ್ಲೋ, ಮನೇಲಿ ಪಾತ್ರೆ ತೊಳೀತಾನೋ ಇದನ್ನ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಇವತ್ತು ಒಂದು ಗೇಮ್ ಬಗ್ಗೆ ಮಾತಾಡೋಣ. ಇದರಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ, ಹಾಡಂತೂ ಇಲ್ಲವೇ ಇಲ್ಲ. ಇರೋದು ಅಕ್ಷರ ಮತ್ತು ಅಂಕಿ. ವಯಸ್ಸು ಐವತ್ತು ದಾಟಿದೆ. ಆದ್ರೂ ಇವತ್ತಿಗೂ ಜನ ಆಡ್ತಾರೆ. ಹೆಸರು ಸ್ಟಾರ್ ಟ್ರೆಕ್.

ನನಗೆ ಇದು ಸಿಕ್ಕಿದ್ದು ಸೋಸಲೆಯಲ್ಲಿ. ಟಿ. ನರಸೀಪುರದ ಪಕ್ಕದ ಊರು. ವ್ಯಾಸರಾಜ ಮಠದಿಂದಾಗಿ ಹೆಸರು ಕೇಳಿರಬಹುದು. ಅಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿ, ನಿವೃತ್ತರಾದ ಮೇಲೆ ಊರಿಗೆ ಬಂದವರು. ಈಗ ಗ್ಲಾಕೋಮಾದಿಂದ ಕಣ್ಣು ಬಹುತೇಕ ಹೋಗಿದೆ. ಟಿವಿ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಜಗಲಿ ಮೇಲೆ ಕೂತು ರೇಡಿಯೋ ಕೇಳೋದು, ಅಷ್ಟೆ.

ಒಂದು ಸಂಜೆ ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಏನೋ ಟೈಪ್ ಮಾಡ್ತಿದ್ದೆ. ಕೀಲಿಗಳ ಸದ್ದು ಕೇಳಿ ದೊಡ್ಡಪ್ಪ ಅಂದ್ರು: "ಲೋ, ಅದರಲ್ಲಿ ಸ್ಟಾರ್ ಟ್ರೆಕ್ ಸಿಗ್ತದೇನೋ?"

ಅವರ ಕಥೆಗೆ ಬರ್ತೀನಿ. ಮೊದಲು ಈ ಆಟ ಹುಟ್ಟಿದ್ದು ಹೇಗೆ ಅಂತ ನೋಡೋಣ.

1966ರಿಂದ 1969ರವರೆಗೆ ಅಮೆರಿಕದ ಟಿವಿಯಲ್ಲಿ ಸ್ಟಾರ್ ಟ್ರೆಕ್ ಅನ್ನೋ ಧಾರಾವಾಹಿ ಬಂತು. 1971ರಲ್ಲಿ ಕ್ಯಾಲಿಫೋರ್ನಿಯಾದ ಮೈಕ್ ಮೇಫೀಲ್ಡ್ ಅನ್ನೋ ಹೈಸ್ಕೂಲ್ ಹುಡುಗ, ಅರ್ವೈನ್‌ನ ವಿಶ್ವವಿದ್ಯಾಲಯದ ಸಿಗ್ಮಾ 7 ಕಂಪ್ಯೂಟರ್‌ನಲ್ಲಿ ಅದರ ಮೇಲೆ ಒಂದು ಆಟ ಬರೆದ. ಭಾಷೆ ಬೇಸಿಕ್. ಮರುವರ್ಷ ಎಚ್‌ಪಿ ಕಂಪನಿಯ ಒಂದು ಮಾರಾಟ ಕಚೇರಿಯವರು ಅವನಿಗೆ ತಮ್ಮ ಕಂಪ್ಯೂಟರ್ ಬಳಸೋಕೆ ಬಿಟ್ಟರು. ಬದಲಿಗೆ ಕೇಳಿದ್ದು, ಈ ಆಟವನ್ನ ನಮ್ಮ ಯಂತ್ರಕ್ಕೂ ಬರೆದುಕೊಡು ಅಂತ. ಅಲ್ಲಿಂದ ಅದು ಎಚ್‌ಪಿಯ ಗ್ರಾಹಕರಿಗೆಲ್ಲ ಹೋಯ್ತು.

ಆಮೇಲೆ ಡೇವಿಡ್ ಆಲ್ ಅನ್ನೋರು ಅದನ್ನ ಡಿಇಸಿ ಕಂಪನಿಯ ಯಂತ್ರಗಳಿಗೆ ಹೊಂದಿಸಿ, 1973ರಲ್ಲಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿದರು. ಬಾಬ್ ಲೀಡಮ್ ಅನ್ನೋರು ಇನ್ನಷ್ಟು ಬೆಳೆಸಿ ಸೂಪರ್ ಸ್ಟಾರ್ ಟ್ರೆಕ್ ಮಾಡಿದರು. 1978ರಲ್ಲಿ ಬಂದ ಆಲ್ ಅವರ 'ಬೇಸಿಕ್ ಕಂಪ್ಯೂಟರ್ ಗೇಮ್ಸ್' ಪುಸ್ತಕದಲ್ಲಿ ಅದೂ ಇತ್ತು. ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಕಂಪ್ಯೂಟರ್ ಪುಸ್ತಕ ಅದು.

ಗಮನಿಸಿ, ಮಾರಾಟವಾಗಿದ್ದು ಪುಸ್ತಕ. ಡೌನ್‌ಲೋಡ್ ಅನ್ನೋದೇ ಇಲ್ಲ. ಪುಟ ಎದುರಿಗಿಟ್ಟುಕೊಂಡು ನಾನೂರಕ್ಕೂ ಹೆಚ್ಚು ಸಾಲುಗಳನ್ನ ನೀವೇ ಟೈಪ್ ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದ್ರೂ ಆಟ ನಿಲ್ಲುತ್ತೆ. ಆ ತಪ್ಪು ಹುಡುಕೋ ಹೊತ್ತಿಗೆ ಆಟ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಾಗಿರುತ್ತೆ. ಎಷ್ಟೋ ಜನ ಪ್ರೋಗ್ರಾಮಿಂಗ್ ಕಲಿತಿದ್ದು ಹೀಗೆ.

ಆಟ ಏನಪ್ಪಾ ಅಂದ್ರೆ, ಆಕಾಶ ಒಂದು ಚದುರಂಗದ ಹಾಸು. ಎಂಟು ಅಡ್ಡಸಾಲು, ಎಂಟು ಕಂಬಸಾಲು, ಒಟ್ಟು 64 ವಲಯ. ಮೈಸೂರಿನವರಿಗೆ 64 ಮನೆಯ ಹುಚ್ಚು ಹೊಸದೇನಲ್ಲ ಬಿಡಿ. ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮೆಟ್ಟೋ ದಾರಿಗಳ ಬಗ್ಗೆ ತಲೆ ಕೆಡಿಸಿಕೊಂಡವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು. ಇಲ್ಲಿ ಒಂದೊಂದು ವಲಯದ ಒಳಗೂ ಮತ್ತೆ 64 ಮನೆ. ನಿಮ್ಮ ನೌಕೆಗೆ 3000 ಯೂನಿಟ್ ಶಕ್ತಿ, 10 ಟಾರ್ಪಿಡೊ. ಕೊಟ್ಟ ದಿನಗಳ ಒಳಗೆ ಎಲ್ಲ ಶತ್ರು ನೌಕೆ ಹೊಡೆದು ಮುಗಿಸಬೇಕು.

ದೂರದ ವಲಯದಲ್ಲಿ ಏನಿದೆ ಅಂತ ನೋಡಿದ್ರೆ ಮೂರು ಅಂಕಿ ಬರುತ್ತೆ. ಉದಾಹರಣೆಗೆ 314. ಅಂದ್ರೆ ಮೂರು ಶತ್ರು, ಒಂದು ನೆಲೆ, ನಾಲ್ಕು ನಕ್ಷತ್ರ. ನೆಲೆಯ ಪಕ್ಕ ನೌಕೆ ನಿಲ್ಲಿಸಿದ್ರೆ ಶಕ್ತಿ, ಟಾರ್ಪಿಡೊ ಮತ್ತೆ ಭರ್ತಿ. ದಿಕ್ಕಿಗೂ ಅಂಕಿನೇ. 1 ಅಂದ್ರೆ ಬಲಕ್ಕೆ, 3 ಮೇಲಕ್ಕೆ, 5 ಎಡಕ್ಕೆ, 7 ಕೆಳಕ್ಕೆ. ನಡುವಿನ ದಿಕ್ಕಿಗೆ ನಡುವಿನ ಅಂಕಿ, ಬೇಕಾದ್ರೆ ದಶಮಾಂಶನೂ ಹಾಕಬಹುದು.

ಈಗ ದೊಡ್ಡಪ್ಪನ ಕಥೆ. ಅವರ ಮುಂದೆ ಇದ್ದಿದ್ದು ಟರ್ಮಿನಲ್. ಅಂದ್ರೆ ಒಂದು ಪರದೆ, ಒಂದು ಕೀಲಿಮಣೆ. ಲೆಕ್ಕ ಮಾಡೋ ಯಂತ್ರ ಎಸಿ ಕೋಣೆಯೊಳಗೆ. 1984ರ ಹೊತ್ತಿಗೆ ಕೇಂದ್ರ ಸರ್ಕಾರದ ಕ್ಲಾಸ್ ಅನ್ನೋ ಯೋಜನೆ ಶುರುವಾಗಿ, ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಇಡೀ ದೇಶಕ್ಕೆ 250! ಉಳಿದವರಿಗೆ ಕಂಪ್ಯೂಟರ್ ಅಂದ್ರೆ ಚಪ್ಪಲಿ ಬಿಟ್ಟು ಒಳಗೆ ಹೋಗೋ ದೇವರ ಕೋಣೆ ಥರ. ರಾತ್ರಿ ಪಾಳಿಯಲ್ಲಿ, ಸಂಬಳದ ಪಟ್ಟಿ ಅಚ್ಚಾಗೋ ತನಕ ಕಾಯ್ತಾ ಕೂತವರು, ಯಾರೋ ಕೊಟ್ಟ ಜೆರಾಕ್ಸ್ ಹಾಳೆ ನೋಡಿ ಸೂಪರ್ ಸ್ಟಾರ್ ಟ್ರೆಕ್ ಟೈಪ್ ಮಾಡಿದ್ರು. ಮೂರು ರಾತ್ರಿ ಹಿಡೀತಂತೆ.

ಟೈಪ್ ಮಾಡ್ತಾ ಮಾಡ್ತಾ ಒಂದು ಕಿತಾಪತಿನೂ ಮಾಡಿದ್ರು. ಆ ಆಟದಲ್ಲಿ ವಲಯಗಳಿಗೆ 16 ಹೆಸರಿದೆ. ರೈಜೆಲ್, ವೇಗಾ, ಸಿರಿಯಸ್ ಹೀಗೆ. ಒಂದೊಂದರಲ್ಲೂ ಒಂದು, ಎರಡು, ಮೂರು, ನಾಲ್ಕು ಅಂತ ಭಾಗ. ಹದಿನಾರು ನಾಲ್ಕಲ ಅರವತ್ನಾಲ್ಕು. ದೊಡ್ಡಪ್ಪ ಆ 16 ಹೆಸರು ತೆಗೆದು ನಮ್ಮ ಕಡೆಯ ಊರುಗಳನ್ನ ಹಾಕಿದ್ರು. ಸೋಸಲೆ, ಬನ್ನೂರು, ತಲಕಾಡು, ಮುಡುಕುತೊರೆ, ಮೂಗೂರು, ನಂಜನಗೂಡು. ಪರದೆಯಲ್ಲಿ ಕನ್ನಡ ಮೂಡ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಹಾಕಿದ್ದು. "ತಲಕಾಡು ಮೂರರಲ್ಲಿ ಶತ್ರು ಅಂತ ಬಂದ್ರೆ ಒಂಥರಾ ಸಿಟ್ಟೇ ಬರೋದು ಕಣೋ. ನಮ್ಮ ಹೊಳೆ ದಾಟಿ ಬಂದವ್ರಲ್ಲ ಅಂತ!"

ಸರಿ, ನಾನು ಹುಡುಕಿದೆ. ಪೈಥಾನ್‌ನಲ್ಲಿ ಯಾರೋ ಬರೆದಿಟ್ಟ ಪ್ರತಿ ಉಚಿತವಾಗಿ ಸಿಕ್ತು. ಹದಿನಾರು ಹೆಸರು ಬದಲಾಯಿಸಿದೆ, ಈ ಸಲ ಕನ್ನಡದಲ್ಲೇ. ಆಟ ಶುರು. ನಾನು ಓದೋದು, ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿ ಉತ್ತರ ಹೇಳೋದು. ನನಗೆ ಪೇಪರ್ ಬೇಕಾಯ್ತು. ಅವರು 64 ವಲಯವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ರು. "ಬನ್ನೂರು ಎರಡರಲ್ಲಿ ನೆಲೆ ಇತ್ತಲ್ಲ, ಅಲ್ಲಿಗೆ ನಡಿ."

ಕೊನೆಯ ದಿನ. ಒಂದೇ ಶತ್ರು, ಒಂದೇ ಟಾರ್ಪಿಡೊ. ನಾವಿದ್ದದ್ದು 5ನೇ ಅಡ್ಡಸಾಲು, 2ನೇ ಕಂಬಸಾಲು. ಶತ್ರು 5, 7ರಲ್ಲಿ. ನಾನು ಅವಸರದಲ್ಲಿ 7, 5 ಅಂತ ಓದಿಬಿಟ್ಟೆ. ದೊಡ್ಡಪ್ಪ ಎರಡು ಕ್ಷಣ ಸುಮ್ಮನಿದ್ದು, "ಎರಡು ಕೆಳಗೆ, ಮೂರು ಬಲಕ್ಕೆ, ಹಂಗಾದ್ರೆ 8.33" ಅಂದ್ರು. ಲೆಕ್ಕ ಸರಿಯಾಗಿತ್ತು, ಓದಿದ್ದು ತಪ್ಪು. ಟಾರ್ಪಿಡೊ ಖಾಲಿ ಆಕಾಶಕ್ಕೆ ಹೋಯ್ತು. ಸೋತ್ವಿ.

"ಅದೇ ಸಾಲಲ್ಲಿದ್ರೆ ನೇರ 1 ಹೊಡೆದ್ರೆ ಸಾಕಾಗಿತ್ತಲ್ಲೋ! ಅಡ್ಡಸಾಲು ಮೊದಲು, ಕಂಬಸಾಲು ಆಮೇಲೆ. ಸ್ಕೂಲಲ್ಲಿ ಏನ್ ಹೇಳಿಕೊಟ್ರು ನಿಂಗೆ?"

ಅವತ್ತು ರಾತ್ರಿ ನನಗೆ ಕಾಡಿದ್ದು ಸೋಲಲ್ಲ. ಭಾನುವಾರ ನಾನು ಬೆಂಗಳೂರಿಗೆ ಹೊರಡ್ತೀನಿ. ಆಮೇಲೆ ಇವರಿಗೆ ಓದಿ ಹೇಳೋರು ಯಾರು?

ನಿಮ್ಮಲ್ಲಿ ಹಲವರಿಗೆ 2020ರ ಸೆಪ್ಟೆಂಬರ್ 2 ನೆನಪಿರುತ್ತೆ. ಪಬ್‌ಜಿ ಮೊಬೈಲ್ ನಿಷೇಧವಾದ ದಿನ. ಅಕ್ಟೋಬರ್ 30ಕ್ಕೆ ಭಾರತಕ್ಕೆ ಸರ್ವರ್ ಕೂಡ ನಿಂತಿತು. ಆ ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ನಾನು ಹೇಳ್ತಿರೋದು ಇಷ್ಟೇ: ಆಟ ನಮ್ಮ ಫೋನಲ್ಲಿತ್ತು, ಆದರೆ ನಮ್ಮ ಕೈಯಲ್ಲಿರಲಿಲ್ಲ. ಒಳಗೇನಿದೆ ಅಂತ ನೋಡೋಕಾಗಲ್ಲ, ನಮ್ಮ ಮನೆಯವರಿಗೆ ಬೇಕಾದ ಹಾಗೆ ಬದಲಾಯಿಸೋಕೂ ಆಗಲ್ಲ. ಸ್ಟಾರ್ ಟ್ರೆಕ್ ಉಳಿದಿದ್ದು ಅದರ ಪ್ರತಿ ಸಾಲೂ ಎಲ್ಲರ ಕಣ್ಣಿಗೂ ಕಾಣ್ತಿದ್ದರಿಂದ. ಮೇಫೀಲ್ಡ್ ಬರೆದ, ಆಲ್ ಹೊಂದಿಸಿದರು, ಲೀಡಮ್ ಬೆಳೆಸಿದರು, ದೊಡ್ಡಪ್ಪ ತಲಕಾಡು ಸೇರಿಸಿದರು.

ಹಾಗಾದ್ರೆ ನಾನೂ ಸೇರಿಸಬಹುದಲ್ಲ? ಇ-ಸ್ಪೀಕ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, ಕನ್ನಡ ಓದುತ್ತೆ. ಪರದೆ ಮೇಲೆ ಬರೋ ಪ್ರತಿ ಸಾಲನ್ನೂ ಅದಕ್ಕೆ ಕಳಿಸೋ ಹಾಗೆ ಮಾಡಿದೆ. ಮೊದಲು ಒಂದು ತೊಂದರೆ ಬಂತು. ಟರ್ಮಿನಲ್‌ನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಮನೆ, ನಮ್ಮ ಕನ್ನಡದ ಅಕ್ಷರ ಅದರಲ್ಲಿ ಕೂರಲ್ಲ. ನಕ್ಷೆ ಪೂರ್ತಿ ಸೊಟ್ಟಗಾಯ್ತು. ಆಮೇಲೆ ಹೊಳೀತು, ದೊಡ್ಡಪ್ಪನಿಗೆ ನಕ್ಷೆ ಯಾಕೆ? ನಕ್ಷೆ ತೆಗೆದು, "ಶತ್ರು, ಅಡ್ಡಸಾಲು 5, ಕಂಬಸಾಲು 7" ಅಂತ ಬಾಯಲ್ಲೇ ಹೇಳಿಸಿದೆ. ಅವರು ಒತ್ತಬೇಕಾಗಿರೋದು ಅಂಕಿ ಮಾತ್ರ. ಕೀಲಿಮಣೆ ಅವರ ಬೆರಳಿಗೆ ಇನ್ನೂ ನೆನಪಿದೆ.

ಹಳೇ ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬಂದೆ. ವಾರದ ನಂತರ ಫೋನ್ ಮಾಡಿದೆ. "ಹೆಂಗಿದೆ ದೊಡ್ಡಪ್ಪ?"

"ಆ ದನಿ ಕೇಳಕ್ಕಾಗಲ್ಲ ಕಣೋ, ಡಬ್ಬದೊಳಗೆ ಕೂತು ಮಾತಾಡ್ದಂಗೆ ಅದೆ. ಆದ್ರೆ ನಿನ್ ಥರ ಸಾಲು, ಕಂಬ ತಪ್ಪಲ್ಲ. ಈಗ ಇಡ್ಲಾ? ಮೂಗೂರು ನಾಲ್ಕರಲ್ಲಿ ಇಬ್ರು ಅವ್ರೆ."

ಇವತ್ತಿಗೆ ಇಷ್ಟು. ನೀವೂ ಆ ಆಟ ಹುಡುಕಿ, ತೆರೆದು ನೋಡಿ. ಹದಿನಾರು ಹೆಸರಿನ ಜಾಗ ಇದೆ, ನಿಮ್ಮೂರಿನ ಸುತ್ತಮುತ್ತಲ ಊರು ಹಾಕಿ ಆಡಿ.